ಕರೆಂಟು ಹೋದಾಗ ಕೇಳಿಸಿದ ಮಾತು

ಬನಹಟ್ಟಿಯಲ್ಲಿ ನಮ್ಮ ಸಾಮಾನು ಇನ್ನೂ ಲಾರಿಯಿಂದ ಪೂರ್ತಿ ಇಳಿದಿರಲಿಲ್ಲ, ಮನೆಯ ಒಡತಿ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ನಮಸ್ಕಾರವಿಲ್ಲ, ಹೆಸರು ಕೇಳಿದ್ದಿಲ್ಲ. ಹಿಟ್ಟು ಹದಕ್ಕೆ ಬಂದಿದೆಯೇ ಎಂದು ನೋಡುವವಳ ಹಾಗೆ ಒಂದು ಕ್ಷಣ ಒತ್ತಿ, ಗೋಡೆಯಾಚೆಯ ಮಗ್ಗಗಳ ಸದ್ದನ್ನು ಮೀರಿಸಿ ಕೇಳಿದಳು: "ಇನ್ನಾ ಏನೂ ಇಲ್ಲೇನ್ರಿ?"

ನಾನು ಮೈಸೂರಿನವಳು. ನಮ್ಮಲ್ಲಿ ಈ ಪ್ರಶ್ನೆಯನ್ನು ತಲುಪಬೇಕಾದರೆ ದಾರಿ ಬಹಳ ದೂರ. ಮೊದಲು ಕಾಫಿ, ಆಮೇಲೆ ಬಿಸಿಲಿನ ವಿಷಯ, ಯಾರದೋ ಮಗಳಿಗೆ ಗಂಡು ಸಿಕ್ಕಿದ್ದು, ಕೊನೆಗೆ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿನಲ್ಲಿ, ಬೇರೆ ಎಲ್ಲೋ ನೋಡುತ್ತಾ, "ಏನಾದ್ರೂ ವಿಶೇಷವೇನಮ್ಮಾ?" ಇಲ್ಲಿ ಕೈ ನೇರ ಜಾಗಕ್ಕೆ ಬಂದಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಲಾರಿಯನ್ನು ಹಾಗೇ ತಿರುಗಿಸಿ ಎನ್ನಬೇಕು ಅನ್ನಿಸಿತು. "ಇಲ್ಲ" ಎಂದೆ. ಆಕೆ "ಆಗತೈತಿ ಬಿಡ್ರಿ" ಎಂದು ನನ್ನ ಕೈಯಿಂದ ಸ್ಟೌವನ್ನು ಕಿತ್ತುಕೊಂಡು ಒಳಗೆ ಹೊತ್ತೊಯ್ದಳು.

ಆಕೆ ಗಂಗವ್ವ. ಗಂಡ ಮಲ್ಲಪ್ಪ, ಮಗ, ಸೊಸೆ ಕಸ್ತೂರಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಕರೆಂಟಿನಿಂದ ಓಡುವ ಪವರ್‌ಲೂಮುಗಳು, ಮೂಲೆಯಲ್ಲಿ ಮಲ್ಲಪ್ಪ ಬಿಡಲೊಲ್ಲದ ಒಂದು ಕೈಮಗ್ಗ. ಮುಂದಿನ ಎರಡು ಕೋಣೆ ನಮ್ಮದು. ನನ್ನ ಗಂಡ ಶ್ರೀಧರ ನೀರಾವರಿ ಇಲಾಖೆಯಲ್ಲಿದ್ದಾನೆ; ಹಿಪ್ಪರಗಿಯ ಕಡೆ ಹೊಳೆದಂಡೆಯಲ್ಲಿ ಕೆಲಸ, ವಾರದ ನಡುವೆ ಹೆಚ್ಚಾಗಿ ಅಲ್ಲೇ ವಸತಿ. ನನಗೆ ಇಲ್ಲಿಯ ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ನೌಕರಿ. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಲೋಕಾಪುರ, ಮುಧೋಳ ಎಂದು ಧೂಳು ತಿನ್ನುತ್ತಾ ಬಸ್ಸು. "ಇಷ್ಟು ದೂರ ಹೋಗಿ ಏನು ಸಾಧಿಸ್ತೀಯ?" ಎಂದು ಅಮ್ಮ ಕೇಳಿದ್ದಳು. ಕೆಲಸ ಅಲ್ಲಿ ಸಿಕ್ಕಿತು, ಅದಕ್ಕೇ ಅಲ್ಲಿಗೆ ಹೋಗುತ್ತಿದ್ದೇನೆ ಎಂದಿದ್ದೆ. ಅಮ್ಮನಿಗೆ ಅದು ಕಾರಣದ ಹಾಗೆ ಕೇಳಿಸಿರಲಿಲ್ಲ.

ಗಂಗವ್ವನ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿತ್ತು. ನಾನೂ ಶ್ರೀಧರನೂ ಮದುವೆಗೆ ಮುಂಚೆಯೇ ಕೂತು ಮಾತಾಡಿ, ಮಕ್ಕಳು ಬೇಡವೆಂದು ತೀರ್ಮಾನಿಸಿಕೊಂಡಿದ್ದೆವು. ಕಾರಣ ಕೇಳುವವರಿಗೆ ಮೊದಲೇ ಒಂದು ಮಾತು. ನಾನು ಕಾಲೇಜಿನ ಚರ್ಚಾಕೂಟದಲ್ಲಿ ಬೆಳೆದವಳು. ಚೀಟಿ ಎತ್ತಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಹೀಗೆ ಪಳಗಿದವಳು ಯಾವುದನ್ನಾದರೂ ಸಮರ್ಥಿಸಬಲ್ಲಳು, ಆದ್ದರಿಂದಲೇ ತನ್ನ ಚೆಂದದ ವಾದಗಳನ್ನು ಮೊದಲು ತಾನೇ ಅನುಮಾನಿಸುತ್ತಾಳೆ. ಈ ವಿಷಯದಲ್ಲಿ ನನಗೆ ತೋಚಿದ ಚೆಂದದ ವಾದಗಳನ್ನೆಲ್ಲ ಒಂದೊಂದಾಗಿ ಎಸೆದಿದ್ದೇನೆ.

ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು ಸರ್ಕಾರ ಕಲಿಸುವ ಜನಸಂಖ್ಯೆಯ ವಾದ ನನ್ನದಲ್ಲ. ದೇಶಕ್ಕಾಗಿ ತ್ಯಾಗ ಮಾಡುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ; ಬೇಕಾದ್ದನ್ನು ಬಿಟ್ಟರೆ ತ್ಯಾಗ, ನನಗೆ ಅದು ಬೇಕಾಗಿಯೇ ಇಲ್ಲ. ಹುಟ್ಟುವವರನ್ನು ಕೇಳದೆ ಹುಟ್ಟಿಸುವುದು ಅನ್ಯಾಯ ಎಂಬುದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ನಾನೇ ಗಿಟ್ಟಿಸಿದ್ದೇನೆ. ಆದರೆ ಹುಟ್ಟಿದವರಲ್ಲಿ ಹೆಚ್ಚಿನವರು ತಕರಾರಿಲ್ಲದೆ ಊಟ ಮಾಡಿ ನಗುತ್ತಿರುವುದನ್ನು ನೋಡಿದರೆ ಆ ವಾದದ ಕಾಲು ನಡುಗುತ್ತದೆ. ಮಗು ಬಂದರೆ ಓದು ಬರಹ ನಿಂತು ಹೋಗುತ್ತದೆ ಎಂದೂ ಹೇಳಲಾರೆ. ಮಗುವಿಲ್ಲದೆಯೂ ಓದದೆ ಕಳೆದ ಭಾನುವಾರಗಳು ನನಗೆ ಸಾಕಷ್ಟಿವೆ. ಎಲ್ಲ ಎಸೆದ ಮೇಲೆ ಉಳಿದದ್ದು ಸಣ್ಣದು, ಗಟ್ಟಿಯಾದದ್ದು. ತಾಯಿಯಾಗುವ ಆಸೆಯನ್ನು ನನ್ನೊಳಗೆ ನಾನು ಪ್ರಾಮಾಣಿಕವಾಗಿ ಹುಡುಕಿದೆ. ಅದು ಇರಲಿಲ್ಲ. ಇಲ್ಲದ ಆಸೆಯನ್ನು ಊರಿನ ಒತ್ತಾಯಕ್ಕೆ ಇದೆ ಎಂದು ನಟಿಸಿ, ಆ ನಟನೆಯ ಮೇಲೆ ಒಂದು ಜೀವವನ್ನು ನಿಲ್ಲಿಸುವುದು ನನಗೆ ತಪ್ಪಾಗಿ ಕಾಣುತ್ತದೆ. ಶ್ರೀಧರನದು ಇನ್ನೂ ಚಿಕ್ಕದು: "ನಾವಿಬ್ಬರೂ ಇರೋ ಹಾಗೇ ನನಗೆ ಸಾಕು."

ಹೊಸ ಊರಿನಲ್ಲಿ ಮೊದಲ ತಿಂಗಳು ಕಳೆದದ್ದು ಸದ್ದಿನೊಂದಿಗೆ ಹೊಂದಿಕೊಳ್ಳುವುದರಲ್ಲಿ. ಮೈಸೂರಿನ ಮಧ್ಯಾಹ್ನಕ್ಕೆ ಒಂದು ನಿದ್ದೆ ಇದೆ. ತಳ್ಳುಗಾಡಿಯವನೂ ಆ ಹೊತ್ತಿನಲ್ಲಿ ದನಿ ತಗ್ಗಿಸುತ್ತಾನೆ. ಇಲ್ಲಿ ಓಣಿಗೆ ಓಣಿಯೇ ಖಟಖಟ ಎನ್ನುತ್ತದೆ. ನನ್ನ ಗೋಡೆಯ ಮೊಳೆಯಲ್ಲಿ ತೂಗುಹಾಕಿದ ಕನ್ನಡಿ ಸದಾ ಒಂದಿಷ್ಟು ನಡುಗುತ್ತಿತ್ತು, ಅದರಲ್ಲಿ ನನ್ನ ಬೊಟ್ಟು ನೆಟ್ಟಗಾದದ್ದೇ ಅಪರೂಪ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅನ್ನ ಬಡಿಸಿಕೊಂಡು ಕೂತರೆ ಕಸ್ತೂರಿ ಕಿಟಕಿಯಿಂದ ಇಣುಕಿ, "ಮುಂಜಾನಿ ಮುಂಜಾನಿನ ಅನ್ನಾ ಉಣ್ಣಾಕತ್ತೀರಿ, ಜ್ವರ ಏನ್ರಿ?" ಎನ್ನುತ್ತಿದ್ದಳು; ಇಲ್ಲಿ ಬರೀ ಅನ್ನ ರೋಗಿಯ ಊಟ. ತರಗತಿಯಲ್ಲಿ ಹುಡುಗರು ನನ್ನ "ಬಂದ್ಬಿಟ್ಟು, ಹೋಗ್ಬಿಟ್ಟು" ಕೇಳಿ ಮೇಜಿನ ಕೆಳಗೆ ತಲೆ ತೂರಿಸುತ್ತಿದ್ದರು. ಶ್ರೀಧರ ಇಲ್ಲದ ಸಂಜೆಗಳಲ್ಲಿ ನಾನು ಮಾತಾಡಲು ಯಾರೂ ಇಲ್ಲದೆ ಪಠ್ಯಪುಸ್ತಕದ ತಪ್ಪುಗಳನ್ನು ಗಟ್ಟಿಯಾಗಿ ಖಂಡಿಸಿದ್ದುಂಟು.

ಈ ಊರಿನಲ್ಲಿ ಮಾತು ಶುರುವಾಗುವುದು ಕರೆಂಟು ಹೋದಾಗ. ಇದು ತಿಳಿಯಲು ನನಗೆ ಸಮಯ ಹಿಡಿಯಿತು. ಪವರ್‌ಲೂಮುಗಳು ಒಮ್ಮೆಗೇ ನಿಂತು, ಕಿವಿಯಲ್ಲಿ ಗುಂಯ್ ಎನ್ನುವ ಮೌನ ಬೀಳುತ್ತದೆ. ಎಲ್ಲ ಬಾಗಿಲುಗಳಿಂದ ಜನ ಹೊರಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಹತ್ತಿಯ ಎಳೆಗಳು ತಲೆಗೂದಲಲ್ಲಿ, ಹುಬ್ಬಿನಲ್ಲಿ. ಚಹಾ ಬರುತ್ತದೆ, ಜಗಳಗಳು ನಿಂತಲ್ಲಿಂದ ಮುಂದುವರಿಯುತ್ತವೆ. ಕರೆಂಟು ಬಂದರೆ ಅರ್ಧ ವಾಕ್ಯವನ್ನು ಹಾಗೇ ಬಿಟ್ಟು ಒಳಗೆ. ಉಳಿದ ಹೊತ್ತಿನಲ್ಲಿ ಮಾತಾಡಬೇಕಾದವರು ಮಗ್ಗದ ಮೇಲೆ ದನಿ ಏರಿಸುತ್ತಾರೆ. ನಾನೂ ಕಲಿತೆ. ಹೊಟ್ಟೆಯಿಂದ ದನಿ ಎತ್ತಿ, ಪದಗಳನ್ನು ಬಿಡಿಬಿಡಿಯಾಗಿ ಎಸೆಯಬೇಕು. ರೊಟ್ಟಿ ತಟ್ಟುವುದನ್ನು ಕಲಿತದ್ದಕ್ಕಿಂತ ಹೆಚ್ಚಾಗಿ ಇದು ನನಗೆ ಹೆಮ್ಮೆ ತಂದಿತು. "ಅಕ್ಕಾರ ಈಗ ನಮ್ಮಂಗ ಒದರ್ತಾರ" ಎಂದು ಗಂಗವ್ವ ಓಣಿಗೆಲ್ಲ ಹೇಳಿದಳು. ಪಾಠ ಹೇಳುವ ಹೆಂಗಸಿಗೆ ಇಲ್ಲಿ ಅಕ್ಕಾರು ಎನ್ನುತ್ತಾರೆ.

ಮಕ್ಕಳಿಲ್ಲದವಳನ್ನು ಇವರು ಮೂಲೆಗೆ ತಳ್ಳುತ್ತಾರೆ ಎಂದು ನಾನು ನಂಬಿ ಬಂದಿದ್ದೆ. ನಮ್ಮ ದೊಡ್ಡಮ್ಮನೊಬ್ಬಳನ್ನು ಸೀಮಂತಗಳಲ್ಲಿ ಹೇಗೆ ಅಡುಗೆಮನೆಯಲ್ಲೇ ಉಳಿಸುತ್ತಿದ್ದರು ಎಂಬುದು ನನಗೆ ನೆನಪಿತ್ತು. ಆ ದಿನಕ್ಕಾಗಿ ಒಂದು ಹರಿತವಾದ ಭಾಷಣವನ್ನೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ.

ಕಸ್ತೂರಿ ಎರಡನೆಯ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಕೂಸಿಗಿಂತ ಮೊದಲು ಅಲ್ಲಿ ಮಲಗುವುದು ಗುಂಡುಕಲ್ಲು, ಖಾರ ಅರೆಯುವ ಕಲ್ಲು. ಅದಕ್ಕೆ ಎಣ್ಣೆ ಹಚ್ಚಿ, ಕೂಸಿಗೆ ತೊಡಿಸುವ ಕುಂಚಿಗೆಯನ್ನೇ ತೊಡಿಸುತ್ತಾರೆ. ತೊಟ್ಟಿಲ ಕೆಳಗಿನಿಂದ ಒಬ್ಬಳು ದಾಟಿಸಿದರೆ ಮೇಲಿನಿಂದ ಇನ್ನೊಬ್ಬಳು ತೆಗೆದುಕೊಳ್ಳುತ್ತಾಳೆ. ಕೊನೆಗೆ ಆ ಕಲ್ಲು ಯಾರ ಉಡಿಯಲ್ಲಿ ಇಳಿಯಬೇಕು ಎಂದರೆ, ಈ ಓಣಿಯಲ್ಲಿ ಅದು ಮಕ್ಕಳಿಲ್ಲದ ಮುತ್ತೈದೆಯ ಹಕ್ಕು. ಗಂಗವ್ವ ಹಿಂದೆ ಕೂತಿದ್ದ ನನ್ನನ್ನು ಎಬ್ಬಿಸಿ, ಎಲ್ಲರ ಮುಂದೆ ಕೂರಿಸಿ, ಸೆರಗು ಹರವಿಸಿ ಕಲ್ಲನ್ನು ಇಟ್ಟಳು. "ಬರೂ ವರ್ಷ ಇದೇ ತೊಟ್ಟಿಲಾ ಮುಂದಿನ ಖೋಲ್ಯಾಗ ಕಟ್ಟೂಣು" ಎಂದಳು. ನನ್ನ ವಿರೋಧಿ ಎಂದುಕೊಂಡಿದ್ದವಳು ನನ್ನ ಪರವಾಗಿ, ನನ್ನದಲ್ಲದ ವಿಷಯಕ್ಕೆ ವಾದಿಸುತ್ತಿದ್ದಳು. ಎಣ್ಣೆ ಹಚ್ಚಿದ ಕಲ್ಲು ಮಡಿಲಲ್ಲಿ ಬೆಚ್ಚಗಿತ್ತು. ಕಲ್ಲನ್ನು ಹಿಡಿಯುವುದು ಮಗು ಬೇಕೆಂಬ ಹೇಳಿಕೆ ಆಗುವುದಿಲ್ಲ ಎಂದು ನನಗೆ ನಾನೇ ಅಧ್ಯಕ್ಷೆಯಾಗಿ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದೆ.

ಅಂದಿನಿಂದ ಹಿತ್ತಲ ಮೋಟುಗೋಡೆಯ ಮೇಲಿಂದ ಬಿಸಿ ರೊಟ್ಟಿ ಬರತೊಡಗಿತು, ಜೊತೆಗೆ ಗುರೆಳ್ಳು ಚಟ್ನಿ. ಕಸ್ತೂರಿ ಸ್ನಾನಕ್ಕೆ ಹೋಗುವಾಗ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಹೋಗುತ್ತಿದ್ದಳು. ನನಗೆ ಆ ಕೂಸು ಬಹಳ ಇಷ್ಟ. ಕೂಸನ್ನು ಇಷ್ಟಪಡುವುದು ಒಂದು, ಕೂಸು ಬೇಕೆನ್ನುವುದು ಇನ್ನೊಂದು. ಈ ಎರಡರ ನಡುವೆ ಗೆರೆ ಕಾಣದವರಿಗೆ ನಾನು ತರ್ಕಶಾಸ್ತ್ರದಲ್ಲಿ ಪಾಸು ಮಾರ್ಕು ಕೊಡಲಾರೆ.

ಒಂದು ದಿನ ಕಸ್ತೂರಿ ಕೂಸನ್ನು ಕೊಡುತ್ತಾ ಹೇಳಿದಳು: "ನಮ್ಮ ಅತ್ತಿಯವರಿಗೆ ಇವತ್ತ ಚಹಾನೂ ಇಲ್ರಿ. ಸೋಮಾರ ಅಲ್ರಿ."

"ಸೋಮವಾರ ಏನು?"

"ಗೊತ್ತಿಲ್ಲೇನ್ರಿ? ನಿಮ್ಮ ಸಲುವಾಗಿ ಹಿಡದಾರ. ನಿಮ್ಮ ಉಡಿ ತುಂಬೂತನಾ ಸೋಮಾರ ಹಗಲೆಲ್ಲಾ ನೀರ ಒಂದ. ಹೇಳಬ್ಯಾಡ ಅಂದಾರ, ನಾ ಹೇಳೀನಿ ಅನ್ನಬ್ಯಾಡ್ರಿ ಮತ್ತ."

ಆ ದಿನ ಪಾಠ ಮಾಡಲು ಆಗಲಿಲ್ಲ. ಕಲ್ಲಿನ ವಿಷಯ ಬೇರೆ. ಅಲ್ಲಿ ನಷ್ಟ ಯಾರಿಗೂ ಇರಲಿಲ್ಲ. ಇಲ್ಲಿ ಅರವತ್ತರ ಹೆಂಗಸು, ದಿನವಿಡೀ ನಿಂತು ದುಡಿಯುವವಳು, ನನ್ನ ಮೌನದ ಖರ್ಚನ್ನು ತನ್ನ ಹೊಟ್ಟೆಯಿಂದ ತೆರುತ್ತಿದ್ದಳು. ಹೇಳಿದರೆ ಏನು ಹೋಗುತ್ತದೆ ಎಂದು ನನಗೆ ಸ್ಪಷ್ಟವಿತ್ತು. ಈ ಊರಿನಲ್ಲಿ ನನಗೆ ಇದ್ದದ್ದು ಗಂಗವ್ವ ಒಬ್ಬಳೇ. ದೇವರು ಕೊಡದವಳಿಗೆ ಆ ಮನೆಯಲ್ಲಿ ಜಾಗವಿತ್ತು. ಬೇಡ ಎಂದವಳಿಗೆ ಇದೆಯೋ ಇಲ್ಲವೋ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಸಂಜೆ ಮಗ್ಗದ ಶೆಡ್ಡಿಗೆ ಹೋದೆ. ಜಾಗ ಆರಿಸಿದ್ದೂ ಯೋಚನೆ ಮಾಡಿಯೇ: ಅಷ್ಟು ಸದ್ದಿನಲ್ಲಿ ನನ್ನ ಮಾತು ಅವಳ ಕಿವಿ ಬಿಟ್ಟು ಬೇರೆಡೆ ಹೋಗದು. ಗಂಗವ್ವ ಮಗ್ಗದ ಪಕ್ಕದಲ್ಲಿ ಕಡಿದ ಎಳೆಯೊಂದನ್ನು ಹಿಡಿದು ನಿಂತಿದ್ದಳು.

"ಗಂಗವ್ವಾ, ಸೋಮವಾರ ಬಿಟ್ಟುಬಿಡಿ" ಎಂದು ಕೂಗಿದೆ.

ಆಕೆ ಕಿವಿಯ ಹತ್ತಿರ ಕೈ ತಂದು ಅಲ್ಲಾಡಿಸಿದಳು, ಕೇಳಿಸುತ್ತಿಲ್ಲ ಎಂಬಂತೆ.

"ನಮಗೆ ಮಕ್ಕಳಾಗ್ತಿಲ್ಲ ಅಂತಲ್ಲ. ನಮಗೇ ಬೇಡ."

ಮತ್ತೆ ಅದೇ ಕೈ. ನಾನು ಎದೆ ತುಂಬ ಉಸಿರೆಳೆದು, ಓಣಿಯವರು ನನಗೆ ಕಲಿಸಿದ ದನಿಯಲ್ಲಿ, ಒಂದೊಂದೇ ಪದವನ್ನು ಎಸೆದೆ. "ನಮಗೆ ಮಕ್ಕಳು ಬೇಡ ಅಂತ ನಾವೇ" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಹೊರಟ ವಾಕ್ಯ ನಿಲ್ಲಲಿಲ್ಲ. "ತೀರ್ಮಾನ ಮಾಡಿಬಿಟ್ಟಿದ್ದೀವಿ" ಎಂಬುದು ನಿಶ್ಶಬ್ದವಾದ ಇಡೀ ಓಣಿಯ ಮೇಲೆ ಬಿತ್ತು.

ಪಕ್ಕದ ಶೆಡ್ಡಿನಿಂದ ಒಂದು ದನಿ ಕೇಳಿತು, "ಯಾರಿಗೆ ಬ್ಯಾಡಂತ?"

"ಅಕ್ಕಾರಿಗೆ" ಎಂದಿತು ಅದರಾಚೆಯ ದನಿ.

ಗಂಗವ್ವ ಕೈಯಲ್ಲಿದ್ದ ಎಳೆಯನ್ನು ಮಗ್ಗದ ಮೇಲೆ ಬಿಟ್ಟಳು. "ನನಗ ಮೊದಲನೇ ಸಲಾನ ಕೇಳಿಸಿತ್ತು" ಎಂದಳು. ಮಗ್ಗದ ಮನೆಯಲ್ಲಿ ಆಯುಷ್ಯ ಕಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ನಾನು ಮುಂದೆ ಹೇಳದಿರಲಿ ಎಂದು ಆಕೆ ಕೈ ಅಲ್ಲಾಡಿಸಿದ್ದಳು.

ಗೋಡೆಯ ಮೇಲಿನ ರೊಟ್ಟಿ ನಿಂತಿತು. ಕೂಸು ನನ್ನ ಬಾಗಿಲ ಮುಂದೆಯೇ ಹಾದು ಬೇರೆ ಮನೆಗೆ ಹೋಗತೊಡಗಿತು. ನಳದ ಹತ್ತಿರ ನಾನು ಕೊಡ ಇಟ್ಟರೆ ಮಾತು ಬಟ್ಟೆ ಮಡಚಿದ ಹಾಗೆ ಮಡಚಿಕೊಳ್ಳುತ್ತಿತ್ತು. "ಕೂಸು ಕಂಡ್ರ ಆಗಂಗಿಲ್ಲಂತ" ಎಂದು ಬೆನ್ನ ಹಿಂದೆ ಒಬ್ಬಳು. "ನೌಕರಿ ಸೊಕ್ಕು" ಎಂದು ಇನ್ನೊಬ್ಬಳು. ಶನಿವಾರ ಬಂದ ಶ್ರೀಧರ ಎಲ್ಲ ಕೇಳಿ, ಜಮಖಂಡಿಯಲ್ಲಿ ಇಲಾಖೆಯ ಕ್ವಾರ್ಟರ್ಸ್ ಖಾಲಿ ಇದೆ, ಅಲ್ಲಿಗೆ ಹೋಗೋಣ ಎಂದ. ಬಸ್ಸಿನಲ್ಲಿ ಓಡಾಡಿಕೊಂಡು ಪಾಠ ಮಾಡಬಹುದು, ಅಲ್ಲಿ ಎಲ್ಲರೂ ನಮ್ಮಂಥವರೇ, ಯಾರೂ ಏನೂ ಕೇಳುವುದಿಲ್ಲ ಎಂದ.

"ಇಲ್ಲಿ ಇನ್ನೂ ಯಾರೂ ಕೇಳಿಯೇ ಇಲ್ಲ" ಎಂದೆ. "ಅವರ ಪಾಳಿ ಬಾಕಿ ಇದೆ. ಪ್ರತಿಪಕ್ಷ ಏಳುವ ಮುಂಚೆ ನಾನು ಸಭೆ ಬಿಡೋದಿಲ್ಲ."

"ಇದು ಸಭೆ ಅಲ್ಲ ಮಾರಾಯ್ತಿ, ಬಾಡಿಗೆ ಮನೆ."

ಮರುದಿನ ಭಾನುವಾರ, ಊಟದ ಹೊತ್ತಿಗೆ ಕರೆಂಟು ಹೋಯಿತು. ನಾನು ಶ್ರೀಧರನ ಕೈ ಹಿಡಿದು ಎಳೆದುಕೊಂಡು ಕಟ್ಟೆಗೆ ಹೋಗಿ, ಗಂಗವ್ವನ ಎದುರಿಗೇ ಕೂತೆ. ಯಾರೂ ಜಾಗ ಬಿಡಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಕಡೆಗೆ ಮಲ್ಲಪ್ಪ ಕೆಮ್ಮಿದ.

"ಅಕ್ಕಾರ, ಒಂದ ಮಾತ ಕೇಳ್ತೀನಿ. ಮಗ್ಗದಾಗ ಹಾಸು, ಅಂದ್ರ ಉದ್ದನ್ನ ಎಳಿ, ತೀರತೈತಿ. ತೀರಿದ್ರ ನಾವು ಪೂರಾ ಹರದ ತಗ್ಯಂಗಿಲ್ಲ. ಎಳಿ ಹಾಯೂ ಹಣಗ್ಯಾಗ ಹಳೇ ಎಳಿ ತುದಿ ಬಿಟ್ಟಿರ್ತೀವಿ. ಹೊಸಾ ಎಳಿ ತಂದು ಒಂದಕ್ಕೊಂದ ಹೊಸೆದು ಜೋಡಿಸ್ತೀವಿ. ಕೆಚ್ಚೂದು ಅಂತೀವಿ ನಾವು. ಹಳೇ ತುದಿನ ಇಲ್ಲಂದ್ರ ಹೊಸಾದು ಎದಕ್ಕ ಕೆಚ್ಚೂದು? ಮನೀನೂ ಹಂಗಲ್ಲೇನ್ರಿ?"

ಒಳ್ಳೆಯ ವಾದ. ನಾನು ಒಳಗೊಳಗೇ ಖುಷಿಪಟ್ಟೆ, ಯಾಕೆಂದರೆ ಅಷ್ಟು ದಿನಗಳ ಮೇಲೆ ಒಬ್ಬರು ನನ್ನೊಡನೆ ವಾದಿಸುತ್ತಿದ್ದರು. "ಮಲ್ಲಪ್ಪನವರೇ, ಮಗ್ಗ ಖಾಲಿ ಇರಬಾರದು ಅಂತ ಯಾರಿಗೂ ಬೇಡದ ಸೀರೆ ನೇಯ್ತೀರಾ?"

"ನೇಯ್ದೀವ್ರಿ" ಎಂದ ಮಲ್ಲಪ್ಪ. "ಭಾಳ ಸಲ ನೇಯ್ದೀವಿ. ಗಂಟ ಕಟ್ಟಿ ಅಟ್ಟದ ಮ್ಯಾಲ ಒಗದೀವಿ."

ಕಟ್ಟೆ ನಕ್ಕಿತು. ಗಂಗವ್ವ ನಗಲಿಲ್ಲ. ನನ್ನ ಕಡೆ ತಿರುಗದೆ, ರಸ್ತೆಗೆ ಹೇಳುವಂತೆ ಹೇಳಿದಳು: "ಮುಪ್ಪಿನ್ಯಾಗ ಒಂದ ತಂಬಗಿ ನೀರ ಯಾರ ಕೊಡ್ತಾರ ಕೇಳ್ರಿ ಆಕಿನ."

"ನಿಮ್ಮ ಮಗನನ್ನ ನೀರು ಕೊಡಲಿ ಅಂತ ಹಡೆದಿರಾ?"

"ಮತ್ತ? ಅವನ ಮಾರಿ ನೋಡ್ಕೋತ ಕುಂದ್ರಾಕೇನ?" ಎಂದಳು ಗಂಗವ್ವ. ಈಗ ಎಲ್ಲರೂ ಜೋರಾಗಿ ನಕ್ಕರು, ಮಗನೂ.

"ನೋಡಿ, ನನಗೆ ಅದೇ ಕಷ್ಟ" ಎಂದೆ. "ಇಲ್ಲಿ ಮಗು ಹುಟ್ಟಿದರೆ ಮಗ್ಗಕ್ಕೆ ಇನ್ನೊಂದು ಜೋಡಿ ಕೈ ಅಂತೀರಿ. ನಮ್ಮ ಊರಲ್ಲಿ ಮನೆಗೆ ಇನ್ನೊಂದು ಡಿಗ್ರಿ ಅಂತಾರೆ. ಎರಡೂ ಕಡೆ ಕೂಸು ಬರೋ ಮುಂಚೆ ಅದರ ಕೆಲಸ ಗೊತ್ತಾಗಿರುತ್ತೆ. ಕೂಸಿಗಾಗಿಯೇ ಕೂಸು ಬೇಕು ಅನ್ನಿಸಿದವರು ಹಡೀಲಿ. ನನಗೆ ಅನ್ನಿಸಿಲ್ಲ. ಆ ಆಸೆ ನನ್ನಲ್ಲಿ ಇದೆಯಾ ಅಂತ ಹುಡುಕಿ ನೋಡಿದೀನಿ. ಇಲ್ಲ."

"ನಿಮಗ್ರಿ, ಸಾಹೇಬ್ರ?" ಎಂದು ಮಲ್ಲಪ್ಪ ಶೇಂಗಾ ಸುಲಿಯುತ್ತಿದ್ದ ಶ್ರೀಧರನನ್ನು ಹಿಡಿದ.

"ನನಗೂ ಬೇಡ."

"ಹೆಂಡ್ತಿಗೆ ಹೆದರಿ ಅಂತಾನ" ಎಂದಿತು ಯಾವುದೋ ದನಿ. ಶ್ರೀಧರ ತಮಾಷೆಗೆ ಹೌದೆಂಬಂತೆ ತಲೆ ತಗ್ಗಿಸಿ ಇನ್ನೊಂದು ಶೇಂಗಾ ಸುಲಿದ.

ಆಗ ಹೊಸ್ತಿಲಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ಕಸ್ತೂರಿ, ಯಾರನ್ನೂ ನೋಡದೆ, "ಆಸೆ ಇಲ್ದನೂ ಹಡೀತಾರ್ರಿ" ಎಂದಳು.

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಗಂಗವ್ವ ಸೊಸೆಯತ್ತ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಎದ್ದವು. ಗಂಡಸರು ಎದ್ದು ಒಳಗೆ ಓಡಿದರು. ಗಂಗವ್ವ ಏನು ಹೇಳಲಿದ್ದಳೋ ನನಗೆ ಇಂದಿಗೂ ತಿಳಿಯದು. ಆದರೆ ಆ ಮನೆಯಲ್ಲಿ ಮೂರನೆಯ ಹೆರಿಗೆಯ ಮಾತು ಆಮೇಲೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಗಂಗವ್ವ ಬಂದಳು. ಗೋಡೆಯ ಮೇಲಿಂದಲ್ಲ, ಬಾಗಿಲಿನಿಂದ. ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟು ಅದರ ಪಕ್ಕ ತಾನೂ ಕೂತಳು.

"ನನಗ ಯಾಕ ಮೊದಲ ಹೇಳಲಿಲ್ಲ ನೀ?"

ಇಷ್ಟು ದಿನ ನಾನು ಆಕೆಗೆ "ನೀವು" ಆಗಿದ್ದೆ. ಮರ್ಯಾದೆ ಇಳಿದದ್ದನ್ನು ಗಮನಿಸಿ ನನಗೆ ಸಮಾಧಾನವಾಯಿತು. ಈ ಊರಿನಲ್ಲಿ ಪರಕೀಯರ ಮೇಲೆ ಯಾರೂ ಹೀಗೆ ಸಿಟ್ಟಾಗುವುದಿಲ್ಲ. "ಹೇಳಿದ್ರೆ ಕೂಸು ಕೊಡೋದು ಬಿಡ್ತೀರಿ ಅಂತ" ಎಂದೆ.

"ಬಿಟ್ನೆಲ್ಲ ಮತ್ತ." ಬುಟ್ಟಿಯ ಬಟ್ಟೆ ಸರಿಮಾಡುತ್ತಾ, "ಅದು ಅಳಾಕತ್ತೈತಿ. ನಿನ್ನ ತೊಡಿ ರೂಢಿ ಆಗೇತಿ ಅದಕ್ಕ" ಎಂದಳು.

"ಇವತ್ತು ಸೋಮವಾರ. ತಿಂಡಿ ತಿಂದಿರಾ?"

"ಇಲ್ಲ."

"ಇನ್ನೂ ಯಾಕೆ? ಕಾರಣ ಹೇಳಿ ಆಯ್ತಲ್ಲ."

"ನಿನ್ನ ಮನಸ್ಸು ತಿರಗಲಿ ಅಂತ ಹಿಡದೀನಿ ಈಗ."

"ಇದು ನ್ಯಾಯ ಅಲ್ಲ ಗಂಗವ್ವಾ. ನನ್ನ ಜೀವನದ ಬಗ್ಗೆ ನೀವು ಉಪವಾಸ ಮಾಡೋದು."

"ಬ್ಯಾಡ ಅನ್ನಾಕ ನಿನಗ ಹಕ್ಕೈತಿ. ಬೇಕು ಅನ್ನಾಕ ನನಗಿಲ್ಲೇನ?" ಎಂದು ಬುಟ್ಟಿಯನ್ನು ನನ್ನತ್ತ ತಳ್ಳಿದಳು. "ನನ್ನ ಹೊಟ್ಟಿ ಐತಿ, ನಾ ಹಸೀತೀನಿ. ನಿನ್ನ ಹೊಟ್ಟಿ ಐತಿ, ನೀ ನೋಡ್ಕೊ. ಆರತಾವು, ತಿನ್ನು."

ಹಲವು ಸಭೆಗಳಲ್ಲಿ ಮಾತಾಡಿದವಳು ನಾನು. ಖಂಡಿಸಲು ಏನಾದರೂ ಸಿಗುತ್ತದೆಯೇ ಎಂದು ಆ ವಾಕ್ಯವನ್ನು ಎಲ್ಲ ಮಗ್ಗುಲಿಂದಲೂ ತಿರುಗಿಸಿ ನೋಡಿದೆ. ನನ್ನದೇ ತತ್ವವನ್ನು ಆಕೆ ನನಗಿಂತ ನೆಟ್ಟಗೆ ಹೇಳಿದ್ದಳು, ಆದರೂ ನನ್ನ ನಿಲುವು ಅದರಿಂದ ಒಂದು ಎಳೆಯಷ್ಟೂ ಸಡಿಲವಾಗಲಿಲ್ಲ. ಇಬ್ಬರೂ ಗೆದ್ದ ಚರ್ಚೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ರೊಟ್ಟಿ ತಿಂದೆ.

ದಸರೆಯ ರಜೆಯಲ್ಲಿ ಮೈಸೂರಿಗೆ ಹೋದೆ. ಒಂದೇ ದಿನದಲ್ಲಿ ಕಿವಿ ಆ ಮೌನಕ್ಕೆ ಬೇಸತ್ತಿತು. ನೆಂಟರು ತುಂಬಿದ ಹಾಲಿನಲ್ಲಿ ನಾನು ಏನೋ ಕೇಳಿದೆ, ಎಲ್ಲರೂ ಬೆಚ್ಚಿ ತಿರುಗಿದರು. "ಯಾಕೇ ಹಾಗೆ ಕಿರುಚ್ತೀಯ?" ಎಂದಳು ಅಮ್ಮ. ಕಾಫಿ, ಬಿಸಿಲು, ಯಾರದೋ ಮಗಳ ವರ ಎಲ್ಲ ಮುಗಿದು, ಚಪ್ಪಲಿಯ ಹೊತ್ತಿನಲ್ಲಿ ಚಿಕ್ಕಮ್ಮನ ಪ್ರಶ್ನೆ ಬಂತು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಹೇಳಿದಳು: "ತೋರಿಸ್ತಾ ಇದ್ದಾರೆ. ಹುಬ್ಬಳ್ಳೀಲಿ ಒಳ್ಳೆ ಡಾಕ್ಟರಂತೆ." ಚಿಕ್ಕಮ್ಮ ನನ್ನ ಭುಜ ಸವರಿದಳು. ಎಲ್ಲರ ಕಣ್ಣಲ್ಲೂ ನಯವಾದ, ಮೃದುವಾದ ಒಂದು ಕರುಣೆ. ಅಮ್ಮನ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ, "ಎಷ್ಟು ದಿನದಿಂದ ತೋರಿಸ್ತಾ ಇದ್ದೀವಿ ನಾವು?"

"ನೀವು ಆ ಊರಿಗೆ ಹೋದಾಗಿನಿಂದ."

"ಅಮ್ಮಾ, ನಾನು ಅಲ್ಲಿ ಇಡೀ ಓಣಿಗೆ ನಿಜ ಹೇಳಿದೀನಿ. ಇಲ್ಲಿ ಹೇಳೋದಕ್ಕೆ ಏನು ಕಷ್ಟ?"

ಅಮ್ಮ ಲೋಟಗಳನ್ನು ಒಂದರೊಳಗೆ ಒಂದು ಇಡುತ್ತಾ, ದನಿ ಏರಿಸದೆ ಹೇಳಿದಳು. "ನಿನಗೇನೂ ಕಷ್ಟ ಇಲ್ಲ. ನೀನು ಹೇಳಿಬಿಟ್ಟು ನಾಡಿದ್ದು ರೈಲು ಹತ್ತುತ್ತೀಯ. ಅವರ ಮಧ್ಯೆ ಇಲ್ಲಿ ಉಳಿಯೋವಳು ನಾನು. ನಿನ್ನ ನಿಜವನ್ನ ನಾನು ನಿನ್ನಷ್ಟು ಚೆನ್ನಾಗಿ ಹೇಳಲಾರೆ ಕಣೇ. ಅವರು ಎರಡನೇ ಪ್ರಶ್ನೆ ಕೇಳಿದ್ರೆ ನನಗೆ ಉತ್ತರ ಬರಲ್ಲ."

ಹೇಳಿಕೊಡುತ್ತೇನೆ ಎಂದೆ. ಬೇಡ ಎಂದಳು. ಬೇಡ ಎನ್ನುವವರ ಹಕ್ಕಿನ ಬಗ್ಗೆ ನಾನು ಇನ್ನೇನು ಮಾತಾಡಲಿ?

ಮರಳಿ ಬಂದ ದಿನ ಗಂಗವ್ವ ಕೂಸನ್ನು ತಂದು ತೊಡೆಯ ಮೇಲೆ ಹಾಕಿ, "ಏನಂದ್ಲು ನಿಮ್ಮವ್ವ?" ಎಂದಳು. ಹೇಳಿದೆ. ಈಕೆಯಾದರೂ ನನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ.

"ಬರೋಬರಿ ಹೇಳ್ಯಾಳ ಆಕಿ" ಎಂದಳು ಗಂಗವ್ವ. "ಆಕಿ ಬಾಳೇವು ಅಲ್ಲೈತಿ. ಅಲ್ಲಿ ಆಕಿ ಮಾತು ನಡೀಲಿ. ಇಲ್ಲಿ ನಿಂದು ನಡೀತೈತಿ."

"ನಡೆಯುತ್ತಾ? ಒಪ್ಪಿಕೊಂಡಿರಾ ಹಾಗಾದ್ರೆ?"

"ನಡೀತೈತಿ ಅಂದೀನಿ. ಒಪ್ಪೀನಿ ಅಂದಿಲ್ಲ."

ಇದನ್ನು ಬರೆಯುವ ಮುಂಚೆ ಅಮ್ಮನನ್ನು ಕೇಳಿದೆ, ಅಚ್ಚಾದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂದು. "ಬರಿ. ನಮ್ಮ ನೆಂಟರು ಯಾರೂ ಓದೋವರಲ್ಲ" ಎಂದಳು. ಅದು ಒಪ್ಪಿಗೆಯೋ ನಂಬಿಕೆಯೋ ನನಗೆ ತಿಳಿಯಲಿಲ್ಲ. ಓದುವವರಿಗೆ ನಾನು ಹೇಳಬೇಕಾದದ್ದು ಇಷ್ಟು. ಬನಹಟ್ಟಿಯಲ್ಲಿ ನನಗೆ ಮಕ್ಕಳು ಬೇಡ. ಅಲ್ಲಿ ಅದಕ್ಕಾಗಿ ನನ್ನೊಡನೆ ದಿನವೂ ಜಗಳವಾಡುತ್ತಾರೆ. ಮೈಸೂರಿನಲ್ಲಿ ನನಗೆ ಮಕ್ಕಳಾಗುವುದಿಲ್ಲ. ಅಲ್ಲಿ ಅದಕ್ಕಾಗಿ ನನ್ನ ಭುಜ ಸವರುತ್ತಾರೆ. ಜಗಳವಾಡುವ ಊರು ನನ್ನದೆಂದು ಅನ್ನಿಸುತ್ತದೆ. ಭುಜ ಸವರುವ ಊರಿನಲ್ಲಿ ಅಮ್ಮ ಇದ್ದಾಳೆ.